ಪೂಜೆಯ ಗಂಟೆಗೆ ಮಲಗುತ್ತಿದ್ದ ನಾಯಿ

ನಾಯಿ ಕೆಟ್ಟರೆ ಅದರ ಅಪ್ಪ ಅಮ್ಮನನ್ನು ಹಿಡಿದು ಬೈಯುತ್ತಾರೆ. ಅದಕ್ಕೆ ಎರಡು ಹೊತ್ತು ಹಿಟ್ಟು ಹಾಕಿದವರು ಯಾರು, ಹಾಕುವಾಗ ಏನು ಕಲಿಸಿದರು ಅಂತ ಒಬ್ಬರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಂತೂ ಕೇಳಲಿಲ್ಲ. ನಾನಾಗಿ ಹೇಳಹೋದರೂ ಕೇಳಿಸಿಕೊಳ್ಳಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಒಲೆಗೆ ಕಟ್ಟಿಗೆ ಸ್ವಲ್ಪ ಜೋರಾಗಿಯೇ ತುರುಕುತ್ತೇನೆ.

ನಾನು ಮದುವೆಯಾಗಿ ಬಂದ ಊರಿಗೂ ಹೊಳೆನರಸೀಪುರಕ್ಕೂ ನಡೆದರೆ ಒಂದು ಗಂಟೆಯ ದಾರಿ. ನನ್ನ ತವರು ಅರಕಲಗೂಡಿನ ಕಡೆ. ನಮ್ಮ ಮಾವನವರಿಗೆ ಎಲ್ಲದರಲ್ಲೂ ತಳಿ ನೋಡುವ ಚಾಳಿ. ಬಿತ್ತನೆ ರಾಗಿಗೆ ತಳಿ, ಹೋರಿಗೆ ತಳಿ, ತೆಂಗಿನ ಸಸಿಗೆ ತಳಿ. ನನ್ನನ್ನು ನೋಡಲು ಬಂದಾಗಲೂ ಅಪ್ಪನ ಮನೆತನ, ಅಮ್ಮನ ಮನೆತನ, ಅಜ್ಜಿಯ ತವರುಮನೆ ಎಲ್ಲವನ್ನೂ ವಿಚಾರಿಸಿದರು. ಹುಡುಗಿಗೆ ಹಿಟ್ಟು ತೊಳಸಲು ಬರುತ್ತದೆಯೋ ಅಂತ ಮಾತ್ರ ಕೇಳಲಿಲ್ಲ. ನನಗೆ ಬರುತ್ತಿರಲಿಲ್ಲ. ಮೊದಲ ವಾರ ಮುದ್ದೆಯೊಳಗೆ ಗಂಟು ಸಿಕ್ಕಿದಾಗ ಅತ್ತೆ, "ಅರಕಲಗೂಡಿನವರ ಕೈಗುಣವೇ ಇಷ್ಟು" ಅಂದರು. ಕೈ ಹಿಡಿದು ಕಲಿಸಿದ್ದರೆ ಎರಡು ದಿನದ ಕೆಲಸ. ಕೊನೆಗೆ ನಾನೇ ಕೈ ಸುಟ್ಟುಕೊಂಡು ಕಲಿತೆ.

ನಮ್ಮದು ಲಿಂಗ ಕಟ್ಟಿದ ಮನೆ. ಇಂಥ ಮನೆಯಲ್ಲಿ ನಲವತ್ತು ಕುರಿ ಇವೆ ಅಂದರೆ ನೆಂಟರು ಹುಬ್ಬೇರಿಸುತ್ತಿದ್ದರು. "ಗೊಬ್ಬರಕ್ಕೆ, ಉಣ್ಣೆಗೆ ಕಣ್ರಯ್ಯ, ತಿನ್ನಾಕಲ್ಲ" ಅಂತ ಮಾವ ಪ್ರತಿ ಸಲ ವಿವರಣೆ ಕೊಡಬೇಕಾಗುತ್ತಿತ್ತು. ಕುರಿ ಮೇಯಿಸುತ್ತಿದ್ದವರು ನಮ್ಮ ಮನೆಯವರು. ಊರಾಚೆಯ ಕಲ್ಲುಭೂಮಿಯಲ್ಲಿ ತೋಳಗಳು ಹೊಂಚು ಹಾಕುತ್ತಿದ್ದವು. ವರ್ಷಕ್ಕೆ ಎರಡು ಮೂರು ಮರಿ ಹೋಗುತ್ತಲೇ ಇದ್ದವು. ಒಳ್ಳೆಯದೊಂದು ನಾಯಿ ಬೇಕು ಅನ್ನುವ ಮಾತು ಬಂದಾಗ ಮಾವ ಎರಡು ದಿನ ಗಾಡಿ ಕಟ್ಟಿಕೊಂಡು ಹೋಗಿ ಬಂದರು. ಚನ್ನರಾಯಪಟ್ಟಣದ ಆಚೆ ಕುರಿಗಾರರ ಒಂದು ಹಟ್ಟಿಯಿತ್ತು. ಅಲ್ಲಿಯ ಅಜ್ಜನ ನಾಯಿಗಳು ಒಂಟಿಯಾಗಿ ತೋಳವನ್ನು ಅಟ್ಟುತ್ತವೆ ಅಂತ ಸುತ್ತ ಹೆಸರು. ಅಲ್ಲಿಂದ ಕಂಬಳಿಯಲ್ಲಿ ಸುತ್ತಿಕೊಂಡು ತಂದದ್ದು ಒಂದು ಕಂದು ಬಣ್ಣದ ಗಂಡುಮರಿ. ಅಂಗಾಲು ಇನ್ನೂ ಬೆಣ್ಣೆಯ ಹಾಗಿತ್ತು.

ಮಾವ ಅದನ್ನು ಜಗಲಿಯ ಮೇಲೆ ಇಳಿಸಿ, ಕಿವಿ ಎತ್ತಿ, ಬಾಲ ಎತ್ತಿ ಎಲ್ಲರಿಗೂ ತೋರಿಸಿದರು. "ಇದರವ್ವ ಇದ್ದಾಳಲ್ಲ, ಹಿಂದಿನ ವರ್ಷ ಎರಡು ತೋಳ ಕೆಡವವ್ಳೆ. ಇನ್ನು ನಮಗೆ ಯೋಚ್ನೆ ಇಲ್ಲ."

"ಹೆಸರೇನಿಡಾನ?" ಅಂದರು ನಮ್ಮ ಮನೆಯವರು.

"ಹೆಸರು ಗಿಸರು ಬ್ಯಾಡ" ಅಂದರು ಅತ್ತೆ. "ಈ ಮನೇಲಿ ಇರೋವೆಲ್ಲ ದೇವರ ಹೆಸರು. ನಾಯಿಗೆ ಇಟ್ಟು ಬಯ್ಯೋಕಾದೀತಾ?"

ಹಾಗಾಗಿ ಅದು ನಾಯಿಯಾಗಿಯೇ ಉಳಿಯಿತು. ನಾನು ಮಾತ್ರ ಮರಿ ಅನ್ನುತ್ತಿದ್ದೆ. ನನ್ನ ಮೊಣಕಾಲೆತ್ತರ ಬೆಳೆದ ಮೇಲೂ ಮರಿ ಅಂತಲೇ ಕರೆಯುತ್ತಿದ್ದೆ.

ಆ ಮರಿಯಿಂದ ಮನೆಗೆ ಒಂದೇ ಒಂದು ಕಾಟ. ಮಾವನವರು ಬೆಳಗ್ಗೆ ಮಿಂದು ಲಿಂಗಪೂಜೆಗೆ ಕೂತು, ಕೊನೆಗೆ ಮಂಗಳಾರತಿ ಮಾಡುವಾಗ ಗಂಟೆ ಬಾರಿಸುತ್ತಿದ್ದರು. ಹಳೆಯ ಹಿತ್ತಾಳೆ ಗಂಟೆ, ಅವರ ಅಜ್ಜನ ಕಾಲದ್ದು. ಬಾರಿಸಿದರೆ ಮೂರನೆಯ ಮನೆಗೆ ಕೇಳಿಸುವಂಥ ನಾದ. ಅದನ್ನು ಕೇಳಿದ ಕೂಡಲೇ ಮರಿ ಬಾಗಿಲಲ್ಲಿ ನಿಂತು ಎದೆ ಒಡೆಯುವ ಹಾಗೆ ಬೊಗಳುತ್ತಿತ್ತು. ಸೋಮವಾರ ಭಿಕ್ಷಕ್ಕೆ ಬರುವ ಅಯ್ಯನವರ ಕೈಯಲ್ಲೂ ಗಂಟೆ. ಅವರಿಗೂ ಅದೇ ಮರ್ಯಾದೆ. ಒಂದು ಸೋಮವಾರ ಅವರ ಕಾವಿಶಾಟಿಯ ಅಂಚು ಹಿಡಿದು ಎಳೆಯಿತು.

ಅತ್ತೆಯ ಕೈಗೆ ಪೊರಕೆ ಬಂತು. "ಲೇ ಅಮ್ಮಿ, ನಾಳೆ ಇದು ಪೂಜೆ ಹೊತ್ನಲ್ಲಿ ಬೊಗಳಿದ್ರೆ ನೀನೂ ಅದರ ಜತೆ ಹಿತ್ತಲಲ್ಲಿ ಕಟ್ಟಿಸ್ಕೊಬೇಕು, ನೋಡ್ಕೋ."

ಹೊಡೆದು ಕಲಿಸುವುದು ನನ್ನಿಂದಾಗದು. ಮಾರನೆಯ ದಿನದಿಂದ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಬಾಗಿಲ ಹಿಂದೆ ಕೂತು, ಮರಿಯ ಕತ್ತು ಮೆಲ್ಲಗೆ ಒತ್ತಿ ಮಲಗಿಸಿ, ಬಾಯಿಗೆ ಒಂದು ತುತ್ತು ಹಿಟ್ಟು ಇಡುತ್ತಿದ್ದೆ. ಬಾಯಿ ತುಂಬಿದ್ದರೆ ಬೊಗಳುವುದು ಹೇಗೆ? ಒಂದು ತಿಂಗಳೂ ಬೇಕಾಗಲಿಲ್ಲ. ಗಂಟೆಯ ಸದ್ದು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ನಾಲ್ಕೂ ಕಾಲು ಮಡಿಸಿ, ಮುಂಗಾಲ ಮೇಲೆ ಗದ್ದ ಇಟ್ಟು, ಉಸಿರು ಬಿಗಿಹಿಡಿದು ಮಲಗುವುದು. ಗಂಟೆ ನಿಲ್ಲುವವರೆಗೆ ಕಿವಿ ಕೂಡ ಅಲ್ಲಾಡಿಸದು. ಅಯ್ಯನವರು ಗಂಟೆ ಬಾರಿಸುತ್ತಾ ಬಂದರೆ ಅಂಗಳದ ನಡುವೆ ಹಾಗೇ ಮಲಗುವುದು. ಅವರು ಬೆರಗಾಗಿ ಅದರ ಹಣೆಗೂ ಒಂದು ಚೂರು ವಿಭೂತಿ ಹಚ್ಚಿದರು.

"ಏನ್ ಸಂಸ್ಕಾರ ನೋಡಿ ಇದಕ್ಕೆ" ಅಂದರು.

"ತಳಿ ಬುದ್ಧಿ, ತಳಿ" ಅಂದರು ಮಾವ, ಮೀಸೆ ತಿರುವಿಕೊಂಡು. "ಯಾರೂ ಕಲಿಸಿದ್ದಲ್ಲ. ಜಾತಿ ನಾಯಿ ಅಂದ್ರೆ ಅಂಗೇಯ."

ನಾನು ಬಾಗಿಲ ಹಿಂದೆ ಹಿಟ್ಟಾದ ಬೆರಳು ತೊಳೆದುಕೊಳ್ಳುತ್ತಿದ್ದೆ. ಹೇಳಿಕೊಳ್ಳಬೇಕು ಅಂತ ಆಗ ಅನ್ನಿಸಲಿಲ್ಲ. ಪೊರಕೆ ಮೂಲೆ ಸೇರಿತಲ್ಲ, ಅಷ್ಟು ಕರುಣಿಸಿದನಲ್ಲ ಶಿವ ಅಂತ ಸುಮ್ಮನಾದೆ. ಆಗ ಸುಮ್ಮನಾದದ್ದೇ ತಪ್ಪು.

ವರ್ಷ ತುಂಬಿದ ಮೇಲೆ ನಾಯಿ ಕುರಿಯ ಜೊತೆ ಹೋಗತೊಡಗಿತು. ಮೊದಮೊದಲು ಚೆನ್ನಾಗಿಯೇ ಇತ್ತು. ಸಂಜೆ ಮನೆಯವರು ಬಂದು ಕೈಕಾಲು ತೊಳೆಯುತ್ತಾ, ಹಿಂದೆ ಬಿದ್ದ ಕುರಿಯನ್ನು ಅದು ಹೇಗೆ ಸೇರಿಸಿತು, ಪೊದೆಯ ಕಡೆ ಹೇಗೆ ಗುರ್ರೆಂದಿತು ಅಂತ ಹೇಳುವರು. ನಾನು ಅದಕ್ಕೆ ಆ ದಿನ ಒಂದು ಮುದ್ದೆ ಜಾಸ್ತಿ ಹಾಕುವೆ.

ಆ ಸಂಕ್ರಾಂತಿಗೆ ಸ್ವಲ್ಪ ಮುಂಚೆ ಪೂಜೆಯ ಗಂಟೆಯ ಹಿಡಿ ಮುರಿಯಿತು. ಮಾವ ಹಾಸನಕ್ಕೆ ಬೇರೆ ಕೆಲಸದ ಮೇಲೆ ಹೋದವರು ಹೊಸ ಗಂಟೆ ತಂದರು. ಹಳೆಯದನ್ನು ಏನು ಮಾಡುವುದು? ಮೂರು ತಲೆಮಾರಿನ ಪೂಜೆ ಕಂಡದ್ದು, ಕರಗಿಸಲು ಮನಸ್ಸಿಲ್ಲ. ಮೂಲೆಯಲ್ಲಿ ಎಸೆದರೆ ಪಾಪ. ಸಂಕ್ರಾಂತಿಯ ದಿನ ದನ ಕುರಿಗಳನ್ನೆಲ್ಲ ತೊಳೆದು ಅರಿಸಿನ ಹಚ್ಚುವಾಗ ಮಾವನಿಗೆ ಹೊಳೆಯಿತು. ಗಂಟೆಗೆ ಚರ್ಮದ ಪಟ್ಟಿ ಪೋಣಿಸಿ, ಮಂದೆಯ ಮುಂದೆ ನಡೆಯುವ ದೊಡ್ಡ ಟಗರಿನ ಕೊರಳಿಗೆ ಕಟ್ಟಿದರು.

"ಶಿವನ ಗಂಟೆ. ಇದರ ನಾದ ಎಲ್ಲಿಗಂಟ ಕೇಳ್ತದೋ ಅಲ್ಲಿಗಂಟ ಯಾವ ಪೀಡೆಯೂ ಸುಳಿಯಾಕಿಲ್ಲ" ಅಂದರು.

ಅತ್ತೆ ಟಗರಿಗೆ ಆರತಿ ಎತ್ತಿದರು. ನಾನೂ ಕೈ ಮುಗಿದೆ. ಒಬ್ಬರದೂ, ನನ್ನದೂ, ಅಂಗಳದ ಮೂಲೆಯಲ್ಲಿ ನಾಲ್ಕು ಕಾಲು ಮಡಿಸಿ ಮಲಗಿದ್ದ ನಾಯಿಯ ಕಡೆ ಕಣ್ಣು ಹೋಗಲಿಲ್ಲ. ಹಬ್ಬದ ದಿನ, ಗಂಟೆಯ ಸದ್ದು, ಅದು ಮಲಗುವುದು ದಿನದ ಮಾತು.

ಮಾರನೆಯ ದಿನ ಮನೆಯವರು, "ನಾಯಿ ಯಾಕೋ ಸೋಮಾರಿ ಆಗೈತೆ, ಎಲ್ಲಂದ್ರಲ್ಲಿ ಬಿದ್ಕೊಳ್ತದೆ" ಅಂದರು. ಹಬ್ಬದಲ್ಲಿ ಜಾಸ್ತಿ ತಿಂದಿರಬೇಕು ಅಂತ ನಕ್ಕೆವು. ಮೂರನೆಯ ದಿನ ನಡು ಮಧ್ಯಾಹ್ನ ಅವರು ಓಡಿ ಬಂದರು. ಹೆಗಲ ಕಂಬಳಿ ಇರಲಿಲ್ಲ. ಎರಡು ತೋಳ ಜೋಡಿಯಾಗಿ ಮಂದೆಯ ಮೇಲೆ ಬಿದ್ದಿದ್ದವು. ಟಗರು ಹೋಗಿತ್ತು, ಅದರ ಹಿಂದೆ ಓಡಿದ ಮೂರು ಕುರಿ ಹೋಗಿದ್ದವು. ಇವರು ಗುಡ್ಡದ ಮೇಲಿಂದ ಕಲ್ಲು ಬೀಸುತ್ತಾ ಇಳಿಯುವುದರೊಳಗೆ ಎಲ್ಲ ಮುಗಿದಿತ್ತು.

"ನಾಯಿ?" ಅಂದರು ಮಾವ.

"ಮಲಗ್ಬುಡ್ತು ಅಪ್ಪಯ್ಯ. ಅಲ್ಲೇ ಹತ್ತು ಮಾರು ದೂರದಲ್ಲಿ ಕಾಲು ಮಡಚ್ಕೊಂಡು ಮಲಗ್ಬುಡ್ತು. ಮೈಯೆಲ್ಲ ನಡುಗ್ತಾ ಇತ್ತು, ಆದ್ರೂ ಏಳಲಿಲ್ಲ. ಕಲ್ಲು ತಗೊಂಡು ಹೊಡೆದ್ರೂ ಏಳಲಿಲ್ಲ."

ನನಗೆ ಸಂಕ್ರಾಂತಿಯಂದು ಕಟ್ಟಿದ ಗಂಟೆ ನೆನಪಾಯಿತು. ತೋಳಕ್ಕೆ ಹೆದರಿ ಟಗರು ಓಡುವಾಗ ಆ ಗಂಟೆ ಎಷ್ಟು ಜೋರಾಗಿ ಬಡಿದಿರಬೇಡ! ಅಷ್ಟು ಹೊತ್ತೂ ಆ ಮೂಕಪ್ರಾಣಿ, ಮೈ ನಡುಗಿದರೂ, ನಾನು ಹೇಳಿಕೊಟ್ಟದ್ದನ್ನು ತಪ್ಪದೆ ಮಾಡಿತ್ತು. ಗಂಟೆ ನಿಲ್ಲಲಿ ಅಂತ ಕಾದಿತ್ತು.

ಮಾವನವರ ಬಾಯಿಂದ ಬಂದ ಮೊದಲ ಮಾತು, "ತಳಿ ಕೆಟ್ಟದೆ. ಆ ಮುದುಕ ನನ್ಗೆ ಬೆರಕೆ ಮರಿ ಕೊಟ್ಟವ್ನೆ."

ನಾಯಿಯನ್ನು ಹಟ್ಟಿಯ ಅಜ್ಜನ ಮುಂದೆ ನಿಲ್ಲಿಸಿ ನಾಲ್ಕು ಮಾತು ಕೇಳುವುದು, ಅವನು ಇಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಬರುವ ದಾರಿಯಲ್ಲಿ ಯಾವುದಾದರೂ ಬಯಲಲ್ಲಿ ಬಿಟ್ಟು ಬರುವುದು ಅಂತ ಆ ದಿನವೇ ತೀರ್ಮಾನವಾಯಿತು. ಮನೆಯ ಹಿಟ್ಟು ತಿಂದು ಬೆಳೆದ ನಾಯಿ ಬಯಲಲ್ಲಿ ಎಷ್ಟು ದಿನ ಬದುಕೀತು?

ಮೊದಲು ಮನೆಯವರಿಗೆ ಹೇಳಿದೆ. ಅವರು ಕೇಳಿ, ತಲೆ ಕೆರೆದುಕೊಂಡು, "ನಿಜ ಇರಬಹುದು ಕಣೆ. ಆದ್ರೆ ಅಪ್ಪಯ್ಯನ ಮುಂದೆ ಇದನ್ನ ಎತ್ತಬ್ಯಾಡ. ಗಂಟೆ ಕಟ್ಟಿದ್ದು ಅವರಲ್ವಾ?" ಅಂದರು. ಅತ್ತೆಗೆ ಹೇಳಿದೆ. "ಒಬ್ಬರಿಗೂ ಇಲ್ಲದ ಬುದ್ಧಿ ನಿನಗೆ ಬಂದ್ಬುಡ್ತಾ?" ಅಂದರು. ಕೊನೆಗೆ ಧೈರ್ಯ ಮಾಡಿ, ಬಾಗಿಲ ಮರೆಯಲ್ಲಿ ನಿಂತು ಮಾವನವರಿಗೇ ಹೇಳಿದೆ. ತುತ್ತು ಕೊಟ್ಟು ಮಲಗಿಸಿದ್ದು ನಾನು, ಅದರ ತಪ್ಪಲ್ಲ, ಗಂಟೆಯ ಸದ್ದಿಗೆ ಮಲಗಿದೆ ಅಂದೆ.

ಅವರು ಕೊರಳ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ, "ಶಿವನ ಗಂಟೆಯಿಂದ ಕುರಿ ಸತ್ವು ಅಂತ ಯೋಳ್ತಾ ಇದೀಯ. ಬಾಯಿ ತೊಳಕೊ ಹೋಗು ತಾಯಿ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಎದುರು ಮಾತಿಗೆ ಜಾಗವಾದರೂ ಇರುತ್ತಿತ್ತು. ದೇವರನ್ನು ಅಡ್ಡ ಇಟ್ಟುಬಿಟ್ಟರೆ ನನ್ನಂಥವಳು ಏನು ಹೇಳಬೇಕು? ನಾನು ಶಿವನನ್ನು ದೂರಿರಲಿಲ್ಲ. ನನ್ನನ್ನೇ ದೂರಿಕೊಂಡಿದ್ದೆ. ಅದನ್ನು ಕೂಡ ಮಾಡಲು ಬಿಡಲಿಲ್ಲ.

ಟಗರಿನ ಕೊರಳಿಂದ ಬಿಚ್ಚಿ ತಂದ ಗಂಟೆಗೆ ರಕ್ತ ಹತ್ತಿತ್ತು. ಮೈಲಿಗೆಯಾಯಿತು, ಹೊಳೆಗೆ ಹಾಕಿ ಬಾ ಅಂತ ಅತ್ತೆ ನನ್ನ ಕೈಗೆ ಕೊಟ್ಟರು. ಹೊಳೆಯವರೆಗೆ ಹೋದೆ. ಮರಳಲ್ಲಿ ಉಜ್ಜಿ ಉಜ್ಜಿ ತೊಳೆದೆ. ಹಾಕಲು ಕೈ ಬರಲಿಲ್ಲ. ಗಂಟೆಯ ನಾಲಿಗೆ ಅಲ್ಲಾಡದಂತೆ ಒಳಗೆ ಬಟ್ಟೆ ತುರುಕಿ, ಸೆರಗಿನಲ್ಲಿ ಮುಚ್ಚಿ ಮನೆಗೆ ತಂದು ನನ್ನ ಸೀರೆಗಂಟಿನಲ್ಲಿ ಇಟ್ಟೆ. ಅತ್ತೆಗೆ ಅದು ಗೊತ್ತಾಗದಿದ್ದದ್ದು ಒಂದು ಪುಣ್ಯ.

ಇನ್ನೊಂದು ಪುಣ್ಯವೆಂದರೆ ಚನ್ನರಾಯಪಟ್ಟಣದಲ್ಲಿ ನನ್ನ ಅಕ್ಕ ಹೆತ್ತು ಹದಿನೈದು ದಿನವಾಗಿತ್ತು. ಮಗು ನೋಡುವ ನೆಪ ಸಿಕ್ಕಿತು. ಗಾಡಿಯಲ್ಲಿ ಮುಂದೆ ಮಾವ, ಹಿಂದೆ ನಾನು, ನನ್ನ ಕಾಲ ಬಳಿ ಹಗ್ಗ ಕಟ್ಟಿದ ನಾಯಿ. ದಾರಿಯುದ್ದಕ್ಕೂ ಅದು ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡಿತ್ತು. ಆ ರಾತ್ರಿ ಅಕ್ಕನ ಮನೆಯಲ್ಲಿ ಉಳಿದು, ಬೆಳಗ್ಗೆ ಮಾವ ಹಟ್ಟಿಗೆ ಹೊರಟಾಗ, "ನಾಯಿ ನಿಮ್ಮ ಮಾತಿಗೆ ಗಾಡಿ ಹತ್ತಲ್ಲ ಮಾವ, ನಾನೂ ಬತ್ತೀನಿ" ಅಂದೆ. ಅದು ಸುಳ್ಳಲ್ಲ.

ಹಟ್ಟಿಯ ಅಜ್ಜ ಒಣಕಲು ಮನುಷ್ಯ. ಟಗರಿಗೆ ಶಿವನ ಗಂಟೆ ಕಟ್ಟಿದ್ದರಿಂದ ಹಿಡಿದು ಮಾವನವರ ಮಾತು ಮುಗಿಯುವವರೆಗೆ ನಾಯಿಯ ಹಲ್ಲು, ಪಂಜ, ಎದೆ ಎಲ್ಲ ತಡವಿ ನೋಡುತ್ತಾ ಕೂತಿದ್ದ.

"ನನ್ನ ಏನಾರ ಅನ್ನಿ ಯಜಮಾನ್ರೆ. ಇದರವ್ವನ್ನ ಮಾತ್ರ ಅನ್ಬ್ಯಾಡಿ" ಅಂದ. "ಅಕ್ಕೊ ಅಲ್ಲಿ ನೋಡಿ, ಮಂದೆ ಆಚೆ ನಿಂತೈತಲ್ಲ ಕಂದು ಹೆಣ್ಣು, ಅದು ಇದರ ಒಡಹುಟ್ಟು. ಒಂದೇ ಸೂಲು. ಮೊನ್ನೆ ಒಂದು ತೋಳಾನ ಅರ್ಧ ಹರದಾರಿ ಅಟ್ಕೊಂಡು ಓಗೈತೆ."

"ಹಂಗಾರೆ ಇದಕ್ಕೆ ಅಪ್ಪ ಬೇರೆ" ಅಂದರು ಮಾವ. "ನಾಯಿಗಳಲ್ಲಿ ಅಂಗೂ ಆಯ್ತದೆ."

"ಆಯ್ತದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಇದರ ಮಕ ನೋಡಿ, ಎರಡೂ ಒಂದೇ ಅಚ್ಚು."

ಅಪ್ಪ, ಅವ್ವ, ಅಪ್ಪನ ಅಪ್ಪ. ಇಬ್ಬರೂ ನಾಯಿಯ ವಂಶವನ್ನು ಬಿಸಿಲಲ್ಲಿ ಕೂತು ಅಳೆಯುತ್ತಿದ್ದರು. ಪರಸ್ಥಳದ ಗಂಡಸರ ಎದುರು ನಾನು ಬಾಯಿ ಬಿಡುವ ಹಾಗಿಲ್ಲ. ಮಾವ ಎದ್ದು ಪಂಚೆ ಕೊಡವಿಕೊಂಡು, "ಆಯ್ತು ಬಿಡು, ನೀನು ಒಪ್ಪಾಕಿಲ್ಲ. ದಾರೀಲಿ ಬಿಟ್ಟೋಗ್ತೀನಿ" ಅಂದರು.

ಆಗ ನಾನು ಮನೆಯಿಂದ ಜೊತೆಗೇ ತಂದಿದ್ದ ಸೀರೆಗಂಟು ಬಿಚ್ಚಿದೆ. ಗಂಟೆಯೊಳಗಿನ ಬಟ್ಟೆ ಎಳೆದು, ಮನಸ್ಸಿನಲ್ಲೇ ಶಿವಶಿವಾ ಅಂದು, ಬಾರಿಸಿದೆ.

ಹಟ್ಟಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಾ ಮುನ್ನುಗ್ಗಿದವು. ನಮ್ಮ ನಾಯಿ ಅವುಗಳ ನಡುವೆ, ಹಗ್ಗ ಸಡಿಲವಾಗಿದ್ದರೂ ಓಡದೆ, ನಾಲ್ಕು ಕಾಲು ಮಡಿಸಿ, ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತು. ಒಂದು ನಾಯಿ ಬಂದು ಅದರ ಕಿವಿ ಕಚ್ಚಿ ಎಳೆದರೂ ಅಲ್ಲಾಡಲಿಲ್ಲ. ನಾನು ಗಂಟೆ ನಿಲ್ಲಿಸಿದ ಮೇಲೆ ಎದ್ದು, ನನ್ನ ಕೈಯ ಕಡೆ ನೋಡಿತು. ತುತ್ತು ಎಲ್ಲಿ ಅಂತ.

ಅಜ್ಜ ತನ್ನ ನಾಯಿಗಳನ್ನು ಗದರಿಸಿ ಅಟ್ಟಿ, ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. "ಅಯ್ಯಯ್ಯಪ್ಪ! ನೀವು ನಾಯಿ ಸಾಕಿಲ್ಲ ಯಜಮಾನ್ರೆ, ಪೂಜಾರಪ್ಪನ್ನ ಸಾಕಿದೀರಿ! ನಾನು ಕೊಡುವಾಗ್ಲೆ ಏನು ಯೋಳ್ದೆ? ಮರೀನ ಮನೆಗೆ ಸೇರಿಸ್ಬ್ಯಾಡಿ, ಕುರಿಗಳ ನಡುವೆ ಬಿಡಿ, ಈದ ಕುರಿ ಹಾಲು ಕುಡಿಸಿ, ಮನುಸರ ಕೈ ಜಾಸ್ತಿ ಮುಟ್ಟಬಾರದು ಅಂದಿರ್ಲಿಲ್ವಾ?"

ಮಾವ ಮುಖ ತಿರುಗಿಸಿದರು. ಇದನ್ನು ಅವರು ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ತಳಿ ಸರಿಯಿದ್ದರೆ ಎಲ್ಲಿ ಬೆಳೆದರೇನು ಅನ್ನುವ ಧೈರ್ಯ. ನನಗೆ ಗೊತ್ತಿದ್ದಿದ್ದರೆ ಆ ತುತ್ತು ಇಡುತ್ತಲೇ ಇರಲಿಲ್ಲ. ಅಲ್ಲಿ, ಆ ಬಿಸಿಲಲ್ಲಿ, ನನಗೆ ಅಳು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ.

"ನಿಜವಾದ ತಳಿ ಆಗಿದ್ರೆ ಗಂಟೆ ಬಡಿದ್ರೂ ಎದ್ದು ತೋಳಾನ ಹಿಡೀಬೇಕಿತ್ತು" ಅಂದರು ಮಾವ.

ಅಜ್ಜ ನಗು ನಿಲ್ಲಿಸಿ ಗಡ್ಡ ತುರಿಸಿಕೊಂಡ. "ಅದೂ ಒಂದು ಮಾತೇಯ. ಇದರವ್ವ ಆಗಿದ್ರೆ ಎದ್ದಿರೋಳು. ಅವಳು ನನ್ನ ಮಾತೂ ಕೇಳಾಕಿಲ್ಲ."

ಹೌದೋ ಅಲ್ಲವೋ, ಆ ಮಾತು ನನ್ನೊಳಗೆ ಇನ್ನೂ ಮುಳ್ಳಿನ ಹಾಗೆ ಇದೆ. ನನ್ನ ಮರಿ ಮಾತು ಕೇಳುವ ನಾಯಿಯಾಗಿತ್ತು, ಅದೇ ಅದಕ್ಕೆ ಮುಳುವಾಯಿತು. ಆ ಗುಣ ಹುಟ್ಟಿನಿಂದ ಬಂದದ್ದೋ ಕಲಿತದ್ದೋ ನಾನು ಬಲ್ಲೆನೆ?

"ಇದನ್ನ ನಾನು ಇಟ್ಕಳಾಕಾಗಲ್ಲ" ಅಂದ ಅಜ್ಜ. "ಮಂದೆಗೆ ಇನ್ನು ಆಗಬರಾಕಿಲ್ಲ. ಆದ್ರೆ ಬಯಲಿಗೆ ಬಿಟ್ಟು ಆ ಪಾಪ ಕಟ್ಕಬ್ಯಾಡಿ. ಮುಂದಿನ ಸೂಲಲ್ಲಿ ಇನ್ನೊಂದು ಮರಿ ಕೊಡ್ತೀನಿ. ಆದ್ರೆ ನಿಮ್ಮ ಕೈಗಲ್ಲ, ಈ ತಾಯಿ ಕೈಗೆ ಕೊಡ್ತೀನಿ. ತೋಳ ಬಂದ್ರೂ ಏಳದಂಗೆ ಕಲಿಸವ್ಳೆ ಅಂದ್ರೆ, ಏಳಾಕೂ ಕಲಿಸ್ತಾಳೆ."

ಹಿಂದಿರುಗುವಾಗ ಮಾವ ಎರಡು ಕಡೆ ಗಾಡಿ ನಿಲ್ಲಿಸಿದರು. ಎರಡೂ ಸಲ ನಾನು ನಾಯಿಯ ಹಗ್ಗವನ್ನು ಕೈಗೆ ಒಂದು ಸುತ್ತು ಹೆಚ್ಚು ಸುತ್ತಿಕೊಂಡೆ. ಅವರು ಹಿಂದೆ ನೋಡಿ, ಮತ್ತೆ ಎತ್ತು ಹೊಡೆದರು. ಅಷ್ಟಾದರೂ ಆಯಿತು.

ಮರುವರ್ಷ ಹೊಸ ಮರಿ ಬಂತು. ಅದೇ ತಾಯಿಯದು. ಅಜ್ಜ ಹೇಳಿದ ಹಾಗೆ ದೊಡ್ಡಿಯಲ್ಲೇ ಬೆಳೆಸಿದೆ. ಈದ ಕುರಿಯನ್ನು ಒತ್ತಿ ಹಿಡಿದು ಹಾಲು ಕುಡಿಸುವೆ, ಕುಡಿದ ಮೇಲೆ ತಲೆ ಸವರಬೇಕು ಅಂತ ಕೈ ಏಳುವುದು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವೆ. ಮುದ್ದು ಮಾಡದೆ ಬೆಳೆಸುವುದು ಹೊಡೆಯದೆ ಬೆಳೆಸುವುದಕ್ಕಿಂತ ಕಷ್ಟ. ದೂರದಿಂದ ಕೇಳಿಸುವ ಗಂಟೆಯ ಸದ್ದಿಗೆ ಅದು ತಲೆಯನ್ನೂ ಎತ್ತುತ್ತಿರಲಿಲ್ಲ. ಯುದ್ಧದ ವರ್ಷಗಳಲ್ಲಿ, ಸರ್ಕಾರಕ್ಕೆ ಕಡ್ಡಾಯವಾಗಿ ಅಳೆದುಕೊಟ್ಟು ಉಳಿದ ರಾಗಿ ನಮಗೇ ಸಾಲದಾಗ, ಆ ನಾಯಿ ಅರೆಹೊಟ್ಟೆಯಲ್ಲಿ ಮಂದೆ ಕಾದಿತು. ಅದು ಇದ್ದಷ್ಟು ಕಾಲ ತೋಳದ ಬಾಯಿಗೆ ಒಂದು ಮರಿಯೂ ಹೋಗಲಿಲ್ಲ.

ಮಾವ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುವರು: "ಈ ಸಲ ಸರಿಯಾಗಿ ತಳಿ ನೋಡಿ ತಂದೆ." ಅದೇ ತಾಯಿ, ಅದೇ ಹಟ್ಟಿ ಅಂತ ಹೇಳಿದರೆ ಒಪ್ಪುವವರಲ್ಲ. ನಾನು ಹೇಳುವುದನ್ನು ಬಿಟ್ಟೆ.

ಮೊದಲಿನದು ಮನೆಯಲ್ಲೇ ಮುದಿಯಾಯಿತು. ಕೆಲಸಕ್ಕೆ ಬಾರದ ಬಾಯಿ ಅಂತ ಅತ್ತೆ ಗೊಣಗಿದರೂ ಅಟ್ಟಲಿಲ್ಲ. ಹೊಸ ಗಂಟೆಗೂ ಅದು ಮಲಗುತ್ತಿತ್ತು. ಒಂದು ಸೋಮವಾರ ಹೊಸಬರೊಬ್ಬರು ಅಯ್ಯನವರು ಭಿಕ್ಷಕ್ಕೆ ಬಂದರು. ಅವರ ಗಂಟೆಗೆ ಕಾಲು ಮಡಿಸಿದ ಮುದಿ ನಾಯಿಯನ್ನು ನೋಡಿ, "ಇದಕ್ಕೆ ಹೀಗೆ ಯಾರು ಕಲಿಸಿದ್ರು?" ಅಂದರು.

"ಯಾರೂ ಇಲ್ಲ ಬುದ್ಧಿ" ಅಂದರು ಮಾವ, ಎಲ್ಲವನ್ನೂ ಮರೆತವರ ಹಾಗೆ. "ಹುಟ್ಟುಗುಣ. ಚನ್ನರಾಯಪಟ್ಟಣದ ಕಡೆ ತಳಿ."

ಗಂಟೆ ನಿಂತಿತು. ನಾಯಿ ಕಷ್ಟಪಟ್ಟು ಎದ್ದು, ಅಯ್ಯನವರನ್ನಾಗಲಿ ಮಾವನವರನ್ನಾಗಲಿ ನೋಡದೆ, ಬಾಗಿಲ ಮರೆಯಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿತು.